ಬಿಸಿನೀರಿಗೆ ಹಾಕಿದ ಶೀಟು

"ಏಯ್, ಗಂಡಸ್ರೆಲ್ಲ ಗೇಟಿಂದಾಚೆ! ಹೆಂಗಸ್ರ ಸಾಲಲ್ಲಿ ನಿಂಗೇನೋ ಕೆಲಸ?"

ನರ್ಸಮ್ಮ ಕೂಗಿದ್ದು ಸಾಲಿನಲ್ಲಿ ನಿಂತಿದ್ದ ಗಾಡಿಗೆ. ಆಸ್ಪತ್ರೆಯ ಒಗೆತದ ಕೋಣೆಯಿಂದ ಶೀಟುಗಳ ಗಂಟು ಹೊತ್ತು ಅದೇ ಹೊತ್ತಿಗೆ ಅಲ್ಲಿಗೆ ಬಂದ, ಒಗೆಯುವ ಕೆಲಸದಿಂದಲೇ ನೊರೆ ಎಂದು ಹೆಸರಾದವಳು, ಬಾಗಿಲ ಬಳಿಯೇ ನಿಂತುಬಿಟ್ಟಳು.

"ನಾನೂ ಹೆಂಗಸೇ," ಎಂದಳು ಗಾಡಿ.

ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ಷರಟು, ಪ್ಯಾಂಟು, ಗಿಡ್ಡ ಕೂದಲು, ಸಾಮಾನಿನ ಆಟೋ ಓಡಿಸಿ ಮೂಟೆ ಇಳಿಸಿ ಗಟ್ಟಿಯಾದ ತೋಳು. ಎಲ್ಲರೂ ಅವಳನ್ನು ಗಾಡಿ ಎನ್ನುತ್ತಿದ್ದರು. ಬೆನ್ನ ಹಿಂದೆ ಇನ್ನೂ ಏನೇನೋ ಎನ್ನುತ್ತಿದ್ದರು. ಎದುರಿಗೇ ಅಂದವನೊಬ್ಬನ ಹಲ್ಲು ಉದುರಿಸಿದ್ದೂ ಉಂಟು. ಅಂಥವಳು ಇವತ್ತು ನೆಲ ನೋಡುತ್ತ ನಿಂತಿದ್ದಳು.

"ಓ ನೀನಾ! ಹೋದ ವರ್ಷದ ಶಿಬಿರಕ್ಕೂ ಬಂದಿದ್ದೆ ಅಲ್ವಾ? ಈಗ್ಲಾದ್ರೂ ಮದುವೆ ಆಯ್ತಾ?"

"ಇಲ್ಲ ಸಿಸ್ಟರ್. ರಕ್ತ ಹೋಗ್ತಿದೆ. ಮುಟ್ಟಿಂದಲ್ಲ. ಹೊತ್ತು ಗೊತ್ತಿಲ್ದೆ ಹೋಗುತ್ತೆ."

"ಇದು ಗರ್ಭಕೋಶದ ಬಾಯಿ ಕ್ಯಾನ್ಸರಿನ ಪರೀಕ್ಷೆ ಕಣೆ. ಗಂಡಸಿನ ಸಹವಾಸ ಇರೋರಿಗೆ ಬರೋ ರೋಗ. ಮದುವೆಯಾಗದೋರ್ನ ಮಲಗಿಸಿ ಏನು ನೋಡೋದು?" ನರ್ಸಮ್ಮ ಸಾಲಿನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. "ಇಲ್ಲಾ, ಕದ್ದುಮುಚ್ಚಿ ಎಲ್ಲಾದ್ರೂ ಮೇಯ್ಕೊಂಡು ಬಂದಿದೀಯೋ? ಹೇಳು, ಇಲ್ಲಿರೋರೆಲ್ಲ ನಮ್ಮೋರೇ."

ಈ ಸಲ ನಗು ಕಾರಿಡಾರಿನ ತುದಿಯವರೆಗೂ ಹೋಯಿತು. ಗಾಡಿಯ ಕಿವಿ ಕೆಂಪಾದದ್ದು ನೊರೆಗೆ ದೂರದಿಂದಲೇ ಕಂಡಿತು.

"ಏ ನೊರೆ! ಇದು ನಿನ್ನ ಜೊತೆ ಇರೋಳಲ್ವೇನೇ? ಏನಾಗ್ಬೇಕು ನಿಂಗೆ?"

ಮನೆ ಮಾಲೀಕನಿಗೆ, ಅಕ್ಕಪಕ್ಕದವರಿಗೆ, ಹೆತ್ತ ತಾಯಿಗೆ ಕೊಟ್ಟೂ ಕೊಟ್ಟೂ ಸವೆದ ಉತ್ತರ ನೊರೆಯ ನಾಲಿಗೆಯ ತುದಿಯಲ್ಲೇ ಇತ್ತು.

"ಅಕ್ಕ."

"ಹಂಗಾದ್ರೆ ಅಕ್ಕಂಗೆ ಮೊದ್ಲು ಒಂದು ಗಂಡು ಹುಡ್ಕು, ಹೋಗು!"

ಗಾಡಿ ಸಾಲು ಬಿಟ್ಟು ಹೊರಟಳು. ಹೋಗುವಾಗ ನೊರೆಯ ಮೈಗೆ ಮೈ ತಾಗುವಷ್ಟು ಹತ್ತಿರ ಹಾದರೂ ತಲೆಯೆತ್ತಿ ನೋಡಲಿಲ್ಲ. ಅಷ್ಟು ಜನರ ನಗುವಿಗಿಂತ ಹೆಚ್ಚು ನೊರೆಯನ್ನು ಚುಚ್ಚಿದ್ದು ಅದು.

ಸಂಜೆ ಮನೆಗೆ ಬಂದರೆ ಗಾಡಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸ್ಟವ್ ಹಚ್ಚಿರಲಿಲ್ಲ. ಕಸ ಗುಡಿಸಲು ಬಗ್ಗಿದ ನೊರೆಗೆ ಮಂಚದ ಕೆಳಗೆ, ಮೂಲೆಗೆ ತಳ್ಳಿದ ಬಟ್ಟೆಯ ಮುದ್ದೆ ಸಿಕ್ಕಿತು. ಬಿಡಿಸಿದಳು. ಅವರದೇ ಬೆಡ್‌ಶೀಟು. ನಟ್ಟನಡುವೆ ಊಟದ ತಟ್ಟೆಯಷ್ಟು ಅಗಲದ ಕಂದು ಕಲೆ.

"ಬಿಸಿನೀರಿಗೆ ಹಾಕಿದ್ಯಾ ಇದನ್ನ?"

"ಕುದಿಯೋ ನೀರಿಗೇ ಹಾಕ್ದೆ. ನೀನು ಬರೋಷ್ಟರಲ್ಲಿ ಹೋಗ್ಲಿ ಅಂತ."

ರಕ್ತಕ್ಕೆ ತಣ್ಣೀರೇ ಆಗಬೇಕು. ಬಿಸಿನೀರು ಕಂಡ ರಕ್ತ ಬಟ್ಟೆ ಹರಿದರೂ ಬಿಡುವುದಿಲ್ಲ. ಒಗೆತದ ಕೋಣೆಗೆ ಸೇರಿದವರು ಮೊದಲು ಕಲಿಯುವ ಪಾಠವೇ ಅದು. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಈ ಪೆದ್ದಿಗೆ ಅದನ್ನು ಹೇಳಿಕೊಡಲು ನೊರೆಗೆ ಒಮ್ಮೆಯೂ ತೋಚಿರಲಿಲ್ಲ. ಬೈಯಬೇಕೆಂದು ಬಾಯಿ ತೆರೆದವಳಿಗೆ ಅಳು ಬಂತು.

ಮೊದಲ ಸಲ ರಕ್ತ ಕಂಡಾಗ, "ನಮ್ಮಂಥೋರಿಗೆ ಆ ಕ್ಯಾನ್ಸರು ಬರಲ್ಲ ಬಿಡು" ಎಂದು ಧೈರ್ಯ ಹೇಳಿದವಳು ನೊರೆಯೇ. ಶೀಟು ಹೊರುವಾಗ ಆಸ್ಪತ್ರೆಯವರ ಬಾಯಲ್ಲಿ ಕೇಳಿದ ಮಾತು. ಗಂಡಸಿನ ಕಾಟ ಇಲ್ಲದ ಬದುಕಿಗೆ ಇಷ್ಟಾದರೂ ಲಾಭ ಸಿಕ್ಕಿತಲ್ಲ ಎಂದು ಇಬ್ಬರೂ ನಕ್ಕಿದ್ದರು ಕೂಡ.

"ನಾಳೆ ಶಿಬಿರ ಮುಗಿಯುತ್ತೆ. ಇನ್ನೊಂದ್ಸಲ ಹೋಗೋಣ ಕಣೆ."

"ಅಲ್ಲಿ ನಿಲ್ಲೋದಕ್ಕಿಂತ ಸಾಯೋದು ವಾಸಿ."

"ಸಾಯೋಳು ನೀನು. ಉಳಿಯೋಳು ನಾನು! ನನ್ನನ್ನ ಒಂದು ಮಾತು ಕೇಳಿದ್ಯಾ?"

ಗಾಡಿ ಈ ಕಡೆ ತಿರುಗಿದಳು. "ಅಕ್ಕ ಅಂದ್ಯಲ್ಲ? ಸ್ವಂತ ತಂಗಿಯಾಗಿದ್ರೆ ಆ ನರ್ಸಮ್ಮನ ಜುಟ್ಟು ಹಿಡೀತಿದ್ಲು."

ನೊರೆ ಶೀಟು ಮಡಿಚಿ ಚೀಲಕ್ಕೆ ಹಾಕಿದಳು.

ಬೆಳಿಗ್ಗೆ ಗಾಡಿಯನ್ನು ಒತ್ತಾಯಿಸಿ ಕರೆತಂದು ಆಸ್ಪತ್ರೆಯ ಹೊರಗೆ ಆಟೋದಲ್ಲೇ ಕೂರಿಸಿದ ನೊರೆ, ಒಗೆತದ ಕೋಣೆಯ ಹಬೆಯಲ್ಲಿ, ಎಲ್ಲರಿಗಿಂತ ಹಿರಿಯಳಾದ ದೊಡ್ಡವ್ವನ ಎದುರು ನಿಂತು ನಡೆದದ್ದನ್ನೆಲ್ಲ ಹೇಳಿದಳು. ಕೊನೆಗೆ, "ಅವಳು ನಂಗೆ ಅಕ್ಕ ಅಲ್ಲ ದೊಡ್ಡವ್ವ," ಎಂದಳು.

"ಗೊತ್ತು ಕಣೆ ಮುಂಡೇದೆ. ಆಟೋದಲ್ಲಿ ನೀವಿಬ್ರೂ ಕಿತ್ತಾಡೋದು ದಿನಾ ನೋಡ್ತೀನಲ್ಲ. ಅಕ್ಕತಂಗೀರು ಹಂಗೆ ಕಿತ್ತಾಡಲ್ಲ." ದೊಡ್ಡವ್ವ ಕೈ ಒರೆಸಿಕೊಂಡು, ಶಿಬಿರಕ್ಕೆಂದು ಇಸ್ತ್ರಿ ಮಾಡಿಟ್ಟ ಶೀಟುಗಳ ಗಂಟಿನ ಮೇಲೆ ಧೊಪ್ಪನೆ ಕೂತಳು. "ಹೋಗು. ಶೀಟು ಕೇಳ್ಕೊಂಡು ಯಾವ ಬೋಳೀಮಗ ಬರ್ತಾನೋ ನಾನೂ ನೋಡ್ತೀನಿ. ಏ, ಬಾಗ್ಲು ಹಾಕ್ರೇ."

ಪರೀಕ್ಷೆಯ ಕೋಣೆಯಲ್ಲಿ ಮೇಜು ಬರಿದಾಗಿತ್ತು. ಡಾಕ್ಟರಮ್ಮ ಕೈಗವಸು ಹಾಕಿಕೊಂಡು ಕಾಯುತ್ತಿದ್ದರು.

"ಶೀಟೆಲ್ಲೇ ಲೌಡಿ? ಆಗ್ಲಿಂದ ಬಾಯಿ ಬಡ್ಕೋತಿದೀನಿ!" ನರ್ಸಮ್ಮ ಬಾಗಿಲಿಗೆ ಬಂದಳು. ನೊರೆಯ ಬೆನ್ನಿಗೇ ಗಾಡಿಯನ್ನು ಕಂಡು ದಾರಿಗೆ ಕೈ ಅಡ್ಡ ಹಿಡಿದಳು. ನೊರೆ ಆ ಕೈಯನ್ನು ತಳ್ಳಿ ಒಳಗೆ ನುಗ್ಗಿ, ಚೀಲದಿಂದ ಶೀಟು ತೆಗೆದು, ಕಲೆ ಮೇಲೆ ಕಾಣುವ ಹಾಗೆ ಮೇಜಿನ ಮೇಲೆ ಹಾಸಿದಳು.

"ಥೂ! ಒಗ್ದಿರೋದು ತಾ."

"ಒಗ್ದಿದೆ. ಇವತ್ತು ಇದೊಂದೇ ಶೀಟು. ಇದ್ರ ಮೇಲೆ ಇವಳನ್ನ ನೋಡೋವರೆಗೂ ಇನ್ನೊಂದು ಬರಲ್ಲ."

"ಗಂಡ ಇಲ್ಲ ಮೇಡಂ ಇದಕ್ಕೆ," ಎಂದಳು ನರ್ಸಮ್ಮ. "ನಿನ್ನೆನೇ ಕಳಿಸಿದ್ದೆ."

ಡಾಕ್ಟರಮ್ಮ ಕಲೆಯನ್ನು ನೋಡಿದರು. ನೋಡುತ್ತಲೇ ಇದ್ದರು. "ಮಲಗಿಸಿ," ಎಂದರು. ಆಮೇಲೆ ನೊರೆಯ ಕಡೆ ತಿರುಗಿ, "ನೀನು ಆಚೆ ಇರು. ಮನೆಯವರು ಯಾರಾದ್ರೂ ಇದ್ರೆ ಅವರು ಇರಬಹುದು."

ತೆರೆದ ಬಾಗಿಲಲ್ಲಿ ಇಡೀ ಸಾಲು ಇಣುಕುತ್ತಿತ್ತು. ಆಡಿದ ಮೇಲೆ ಈ ಮಾತು ಕೆಲಸಕ್ಕೂ ಕುತ್ತು, ಬಾಡಿಗೆ ಮನೆಗೂ ಕುತ್ತು ಎಂದು ನೊರೆಗೆ ಚೆನ್ನಾಗಿ ಗೊತ್ತಿತ್ತು.

"ನಾನೇ ಮನೆಯೋಳು," ಎಂದಳು, ಹೊರಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ. "ಅಕ್ಕ ಅಲ್ಲ, ತಂಗಿ ಅಲ್ಲ. ಗಂಡ ಹೆಂಡತಿ ಹೆಂಗಿರ್ತಾರೋ ಹಂಗಿದೀವಿ."

ಯಾರೂ ನಗಲಿಲ್ಲ. ಗಾಡಿ ಬಾಗಿಲು ಮುಚ್ಚಿ ಬಂದು ಬೆಲ್ಟು ಬಿಚ್ಚಿದಳು. ಕಲೆಯ ಮೇಲೆ ಮಲಗಿ, ಕೈಯನ್ನು ನೊರೆಯ ಕಡೆ ಚಾಚಿದಳು.

ಡಾಕ್ಟರಮ್ಮ ದೀಪ ಹತ್ತಿರಕ್ಕೆ ಎಳೆದುಕೊಂಡು ಬಗ್ಗಿದರು. ಗಾಡಿ ಹಲ್ಲು ಕಚ್ಚಿದಳು. ನೊರೆಯ ಬೆರಳುಗಳು ನಜ್ಜುಗುಜ್ಜಾದವು. ಬಗ್ಗಿದವರು ಬೇಗ ಏಳಲಿಲ್ಲ. ಎದ್ದಾಗ ಅವರ ದನಿ ಇಳಿದಿತ್ತು.

"ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಇಷ್ಟಾಗೋವರೆಗೂ ಏನ್ ಮಾಡ್ತಿದ್ರಮ್ಮ? ಮೊದಲೇ ಬರೋಕೇನಾಗಿತ್ತು?"

ಗಾಡಿ ಮೊಣಕೈ ಊರಿ ಅರ್ಧ ಎದ್ದಳು. ಹಳೆಯ ಕಂದು ಕಲೆಯ ಮೇಲೆ ಹೊಸ ಕೆಂಪು ಹರಡುತ್ತಿತ್ತು. ಅವಳು ಡಾಕ್ಟರಮ್ಮನನ್ನು ನೋಡಲಿಲ್ಲ. ಗೋಡೆಗೆ ಒತ್ತಿ ನಿಂತಿದ್ದ ನರ್ಸಮ್ಮನ ಮುಖವನ್ನೇ ನೋಡಿದಳು.

"ಬಂದಿದ್ದೆ," ಎಂದಳು. "ನೀವೇ ಹೇಳಿ ಸಿಸ್ಟರ್. ಬಂದಿದ್ದೆ ಅಲ್ವಾ?"

ನರ್ಸಮ್ಮ ನೆಲ ನೋಡುತ್ತ ನಿಂತಳು. ದೂರದಲ್ಲಿ ಯಾರೋ ಶೀಟಿಗಾಗಿ ಒಗೆತದ ಕೋಣೆಯ ಬಾಗಿಲು ಬಡಿಯುತ್ತಿದ್ದರು.