ಸಾಹುಕಾರನಿಗೊಂದು ಶ್ರದ್ಧಾಂಜಲಿ

ಸಾಹುಕಾರ ತೀರಿಕೊಂಡ ಸುದ್ದಿ ಭಾನುವಾರ ಬೆಳಿಗ್ಗೆ ಪತ್ರಿಕೆ ಓದುವ ಎಲ್ಲರಿಗೂ ಗೊತ್ತಾಯಿತು. ಗೊತ್ತಿಲ್ಲದೇ ಇದ್ದದ್ದು ಸಾಹುಕಾರ ಒಬ್ಬನಿಗೇ. ಅವನು ಆ ಹೊತ್ತಿಗೆ ಊಟದ ಮೇಜಿನ ಕೆಳಗೆ, ಅಂಕಣಕಾರನ ಚಪ್ಪಲಿಯ ಮೇಲೆ ಗದ್ದ ಊರಿ, ಹೊಟ್ಟೆ ತುಂಬಿದ ನಾಯಿ ಹೇಗೆ ಮಲಗಬೇಕೋ ಹಾಗೆ ಮಲಗಿದ್ದ.

ಹೌದು, ನಾಯಿ. ಕಂದು ಬಣ್ಣದ, ತಳಿಗಿಳಿ ಯಾರೂ ಕೇಳದ ಬೀದಿ ಮರಿ ಬೆಳೆದು ಮುದಿಯಾದದ್ದು. ರಸ್ತೆಯಲ್ಲಿ ಎದೆ ಮುಂದೆ ಮಾಡಿಕೊಂಡು ನಡೆಯುತ್ತಿತ್ತು. ಪ್ರತಿ ಗೇಟಿನ ಮುಂದೂ ನಿಂತು, ಈ ಮನೆಯವರ ಬಾಡಿಗೆ ಬಂತೋ ಇಲ್ಲವೋ ಎಂಬಂತೆ ಒಳಗೆ ನೋಡಿ ಮುಂದಕ್ಕೆ ಹೋಗುತ್ತಿತ್ತು. ಅದನ್ನು ಕಂಡು ಅಂಕಣಕಾರನ ಹೆಂಡತಿ ಸಾಹುಕಾರ ಎಂದು ಹೆಸರಿಟ್ಟಳು. ಆ ಹೆಸರನ್ನು ಊರಿಗೆಲ್ಲ ಹಂಚಿದವನು ಗಂಡ.

ಗಂಡನಿಗೆ ಪತ್ರಿಕೆಯಲ್ಲಿ ಕೆಲಸ. ವಾರವೆಲ್ಲ ಬೇರೆಯವರ ಬರಹ ತಿದ್ದುವುದು, ಬುಧವಾರ ಮಾತ್ರ ಮನೆಯಲ್ಲೇ ಕೂತು ಭಾನುವಾರದ ಪುರವಣಿಗೆ ತನ್ನದೊಂದು ಅಂಕಣ ಬರೆಯುವುದು. ಮನೆ, ಹೆಂಡತಿ, ನಾಯಿ, ಓದಿದ ಪುಸ್ತಕ, ಇವುಗಳ ನಡುವೆ ಎಲ್ಲೋ ಬದುಕಿನ ಅರ್ಥ ಸಿಕ್ಕಿಬಿಡುತ್ತದೆ ಎಂಬ ಧಾಟಿಯ ಬರಹ. ಅಂಕಣದಲ್ಲಿ ಅವನು ದಿನಾ ಬೆಳಕು ಹರಿಯುವ ಮುಂಚೆ ಸಾಹುಕಾರನ ಜೊತೆ ನಡೆಯಲು ಹೋಗುತ್ತಿದ್ದ. ಅಂಕಣದ ಹೊರಗೆ ಆ ಹೊತ್ತಿನಲ್ಲಿ ಗೊರಕೆ ಹೊಡೆಯುತ್ತಿದ್ದ, ಹೋಗುತ್ತಿದ್ದವಳು ಹೆಂಡತಿ. ಅಂಕಣದಲ್ಲಿ ದಪ್ಪ ದಪ್ಪ ಪುಸ್ತಕಗಳನ್ನು ಓದಿ ಮುಗಿಸುತ್ತಿದ್ದ. ಕಪಾಟಿನಲ್ಲಿ ನೋಡಿದರೆ ಅವುಗಳ ಮೊದಲ ಕೆಲವು ಪುಟಗಳು ಮಾತ್ರ ಮಾಸಿದ್ದವು. ಇದೆಲ್ಲ ದೊಡ್ಡ ಅಪರಾಧವೇನಲ್ಲ ಬಿಡಿ, ಬರೆಯುವವರೆಲ್ಲ ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಬರೆಯುವುದು.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಜನರ ಮೂಗಿನ ಮೇಲೆ ಚೌಕಟ್ಟು ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ, "ಈಗ ನೋಡಿ" ಎನ್ನುವ ಕೆಲಸ. ಅಂಕಣ ಓದಿ ಅವಳು ನಗುತ್ತಿದ್ದಳು.

"ಪೇಪರಿನಲ್ಲಿ ಬರೋ ನಿಮ್ಮ ಹೆಂಡ್ತಿ ನನಗಿಂತ ಒಳ್ಳೆಯವಳು ಕಣ್ರೀ. ಒಂದು ದಿನಾನೂ ಸಿಟ್ಟು ಬರಲ್ಲ ಅವಳಿಗೆ. ಅವಳನ್ನೇ ಇಟ್ಕೊಳ್ಳಿ, ನಾನು ಸಾಹುಕಾರನ್ನ ಕರ್ಕೊಂಡು ಹೋಗ್ತೀನಿ."

ಆ ಸುದ್ದಿ ಅಚ್ಚಾದ ವಾರ ಸಾಹುಕಾರ ಹೊಟ್ಟೆ ಉಬ್ಬಿಸಿಕೊಂಡು, ಎದ್ದು ನಿಲ್ಲಲೂ ಆಗದೆ ಬಿದ್ದುಬಿಟ್ಟ. ಹೆಂಡತಿ ಅಂಗಡಿಗೆ ರಜೆ ಹೇಳಿ ಅವನನ್ನು ಆಟೊದಲ್ಲಿ ಹಾಕಿಕೊಂಡು ನಾಯಿ ಆಸ್ಪತ್ರೆಗೆ ಓಡಿದಳು. ಹೊಟ್ಟೆ ಕೊಯ್ದದ್ದಾಯಿತು. ಡಾಕ್ಟರಮ್ಮ ಕೈಗವಸು ಕಳಚುತ್ತಾ, "ವಯಸ್ಸಾಗಿದೆಯಲ್ಲಮ್ಮ, ಮನಸ್ಸು ಗಟ್ಟಿ ಮಾಡ್ಕೊಂಡಿರಿ," ಎಂದರು. ಹೆಂಡತಿ ಅಲ್ಲೇ ಬೆಂಚಿನ ಮೇಲೆ ಕೂತಳು. ಗಂಡನಿಗೆ ಫೋನ್ ಮಾಡಿ ವಿಷಯ ಹೇಳಿ, "ನೀವು ಬರ್ತೀರಾ?" ಎಂದು ಕೇಳಿದಳು.

"ಇವತ್ತು ಬುಧವಾರ ಅಲ್ವೇನೇ," ಎಂದ ಅವನು.

ಪುರವಣಿ ಭಾನುವಾರ ಬರುವುದಾದರೂ ಅದರ ಪುಟಗಳು ಬುಧವಾರ ಸಂಜೆಯೇ ಅಚ್ಚಿಗೆ ಹೋಗುತ್ತವೆ. ಅಂಕಣಕಾರನ ಬಳಿ ಬರೆಯಲು ಏನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಬಹಳ ಕಾಲದಿಂದ ಏನೂ ಇರಲಿಲ್ಲ, ಹಳೆಯದನ್ನೇ ತಿರುವಿ ಹಾಕಿ ಬಡಿಸುತ್ತಿದ್ದ. ಪುರವಣಿ ನೋಡಿಕೊಳ್ಳುವ ಹುಡುಗಿ ಹಿಂದಿನ ವಾರವಷ್ಟೇ ಮೆಲ್ಲಗೆ, "ಸಾರ್, ಈ ಸಲ ಸ್ವಲ್ಪ ಮನಸ್ಸು ಮುಟ್ಟೋ ಹಾಗೆ ಇರಲಿ," ಎಂದಿದ್ದಳು. ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ಅವನು ಮೇಜಿನ ಮುಂದೆ ಕೂತ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಎಲ್ಲರೂ ಕಂಡಿದ್ದಾರೆ. ಇವನು ಜೀವ ಹೋಗುವ ಮುಂಚೆಯೇ ಶ್ರದ್ಧಾಂಜಲಿ ಬರೆಯತೊಡಗಿದ.

ಬರಹ ತಾನಾಗಿ ಹರಿದು ಬಂತು. ಸಾಹುಕಾರ ಅವನ ತೊಡೆಯ ಮೇಲೆ ತಲೆಯಿಟ್ಟು ಕೊನೆಯುಸಿರೆಳೆದ. ಹೆಂಡತಿ ನೋಡಲಾರದೆ ಹೊರಗೆ ಹೋದಳು, ಅವನೊಬ್ಬನೇ ಕೊನೆಯವರೆಗೂ ಆ ಪಂಜವನ್ನು ಹಿಡಿದು ಕೂತಿದ್ದ. ಬರೆಯುತ್ತಾ ಬರೆಯುತ್ತಾ ಅವನು ಅತ್ತುಬಿಟ್ಟ. ಸುಳ್ಳು ಅಳುವಲ್ಲ, ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾದಷ್ಟು ನಿಜವಾದ ಅಳು. ಕಳಿಸಿದ ಕೂಡಲೇ ಪುರವಣಿಯ ಹುಡುಗಿಯ ಫೋನ್ ಬಂತು.

"ಸಾರ್, ನೀವು ಇಷ್ಟು ಚೆನ್ನಾಗಿ ಯಾವತ್ತೂ ಬರೆದಿಲ್ಲ. ಆರು ಗಂಟೆವರೆಗೂ ಪುಟ ನನ್ನ ಹತ್ರಾನೇ ಇರುತ್ತೆ. ಒಂದಕ್ಷರ ಬದಲಾಯಿಸಬೇಕು ಅನ್ನಿಸಿದ್ರೂ ಹೇಳಿ."

ಇನ್ನೂ ಬಿಸಿಲಿತ್ತು, ಹೆಂಡತಿಯ ಫೋನ್ ಬಂತು.

"ರೀ! ಎದ್ದ ಕಣ್ರೀ! ಬಿಸ್ಕತ್ತು ತಿಂದ! ಡಾಕ್ಟರ್ ಕೈಯಿಂದಾನೇ ಕಿತ್ಕೊಂಡ ಕಳ್ಳ! ಇನ್ನೇನೂ ಭಯ ಇಲ್ವಂತೆ."

ಅಂಕಣಕಾರನ ಎದೆ ಧಸಕ್ಕೆಂದಿತು. ಅದು ಸಂತೋಷಕ್ಕಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು. ಆ ಮುದಿ ನಾಯಿ ಬದುಕಿತೆಂದು ಕೇಳಿ ಅವನಿಗೆ ಮೊದಲು ಅನ್ನಿಸಿದ್ದು ಅದೇ. "ಅಯ್ಯೋ" ಎಂಬ ಶಬ್ದ ಬಾಯಿಂದ ಹೊರಗೆ ಬಿದ್ದೇಬಿಟ್ಟಿತು.

"ಯಾಕ್ರೀ ಅಯ್ಯೋ?"

"ಅಯ್ಯೋ, ಬದುಕ್ಕೊಂಡನಲ್ಲ ಅಂತ. ಒಳ್ಳೇದಾಯ್ತು," ಎಂದ.

ಫೋನನ್ನು ಮೇಜಿನ ಮೇಲೆ ಮಗುಚಿಟ್ಟ. ಟೀ ಮಾಡಿಕೊಂಡ. ಬರೆದದ್ದನ್ನು ಇನ್ನೊಮ್ಮೆ ಓದಿದ. ಎಷ್ಟು ಚೆನ್ನಾಗಿತ್ತು! ಗಡಿಯಾರ ನೋಡಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಆದರೆ ಆರು ದಾಟುವವರೆಗೆ ಕಾದು, ಸರಿಯಾಗಿ ದಾಟಿದ ಮೇಲೆ ಫೋನ್ ಮಾಡಿದವನು ಗಡಿಯಾರ ನೋಡಿರಲಿಲ್ಲ ಎಂದರೆ ಯಾರು ನಂಬುತ್ತಾರೆ?

"ಅಯ್ಯೋ ಸಾರ್, ಈಗ ತಾನೇ ಹೋಯ್ತು," ಎಂದಳು ಹುಡುಗಿ. "ಏನಾದ್ರೂ ತಪ್ಪಿತ್ತಾ?"

"ಏನಿಲ್ಲಮ್ಮ, ಒಂದು ಅಲ್ಪವಿರಾಮ," ಎಂದ ಅವನು.

ಭಾನುವಾರ ಹೆಂಡತಿ ಪುರವಣಿಯನ್ನು ನಿಂತುಕೊಂಡೇ ಓದಿದಳು. ಹೊಟ್ಟೆಗೆ ಪಟ್ಟಿ ಕಟ್ಟಿಸಿಕೊಂಡು ಮೇಜಿನ ಕೆಳಗೆ ಮಲಗಿದ್ದ ಸಾಹುಕಾರನನ್ನು ಒಮ್ಮೆ, ಪತ್ರಿಕೆಯನ್ನು ಒಮ್ಮೆ ನೋಡಿದಳು. ಈಗ ಜ್ವಾಲಾಮುಖಿ ಸಿಡಿಯುತ್ತದೆ ಎಂದು ಅವನು ತಲೆ ತಗ್ಗಿಸಿ ಕೂತ.

"ನಾನು ಫೋನ್ ಮಾಡಿದಾಗ ಇದನ್ನ ನಿಲ್ಲಿಸೋಕೆ ಆಗ್ತಿರಲಿಲ್ವಾ?"

"ಪುಟ ಹೋಗಿಬಿಟ್ಟಿತ್ತು ಕಣೇ."

"ಹೌದಾ?"

"ಹೌದು."

ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ಅವನ ಹೆಗಲ ಮೇಲೆ ಕೈಯಿಟ್ಟು, "ಪಾಪ, ಬರೆಯೋವಾಗ ನಿಮಗೆಷ್ಟು ಸಂಕಟ ಆಗಿತ್ತೋ. ನಾನೊಬ್ಬಳೇ ಅಳ್ತಾ ಕೂತಿದ್ದೀನಿ ಅಂದ್ಕೊಂಡಿದ್ದೆ," ಎಂದಳು. ಬೈದಿದ್ದರೆ ಬೈಸಿಕೊಂಡು ಹಗುರಾಗಬಹುದಿತ್ತು. ಆ ಕೈಯ ಕೆಳಗೆ ಅವನು ನಾಚಿಕೆಯಿಂದ ಕುಗ್ಗಿಹೋದ.

ಫೋನುಗಳು ಶುರುವಾದವು. ಬಾಲ್ಯದ ಗೆಳೆಯರು, ಮುಖ ನೋಡದ ಓದುಗರು, ಎಂದೂ ಅವನ ಅಂಕಣದ ಬಗ್ಗೆ ತುಟಿ ಬಿಚ್ಚದ ಸಂಪಾದಕರು. ಕೊನೆಗೆ ಒಬ್ಬ ಪ್ರಕಾಶಕರು. ಅಂಕಣಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡೋಣ, ಸಾಹುಕಾರನ ಸಾವು ಕೊನೆಯ ಅಧ್ಯಾಯ, ಮುಖಪುಟದಲ್ಲಿ ಅವನದೇ ಚಿತ್ರ ಎಂದರು. ಜೀವಮಾನವಿಡೀ ಬೇರೆಯವರ ಪುಸ್ತಕಗಳನ್ನು ಅರ್ಧ ಓದಿ ಕಪಾಟಿಗೆ ತುಂಬಿದವನಿಗೆ ತನ್ನದೊಂದು ಪುಸ್ತಕ! ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

"ಮುಂದಿನ ವಾರ ಅವನು ಬದುಕಿದ್ದನ್ನ ಬರೀತೀರಲ್ಲ?" ಎಂದು ಹೆಂಡತಿ ಕೇಳಿದಾಗ ಬರೆಯುತ್ತೇನೆ ಎಂದ. ಬುಧವಾರ ಬಂತು. ಅವನು ಬರೆದದ್ದು ಸಾಹುಕಾರನಿಲ್ಲದ ಮನೆಯ ಮೌನದ ಬಗ್ಗೆ. ಬರೆಯುವಾಗ ಸಾಹುಕಾರ ಕಾಲ ಬಳಿಯೇ ಮಲಗಿ ಅದೆಷ್ಟು ಜೋರಾಗಿ ಕೆರೆದುಕೊಳ್ಳುತ್ತಿದ್ದನೆಂದರೆ, "ಸುಮ್ನಿರೋ, ಬರೆಯೋಕೆ ಬಿಡು," ಎಂದು ಗದರಬೇಕಾಯಿತು.

ಅದನ್ನು ಓದಿದ ಮೇಲೆ ಹೆಂಡತಿ ನಗಲೂ ಇಲ್ಲ, ಹೆಗಲ ಮೇಲೆ ಕೈಯನ್ನೂ ಇಡಲಿಲ್ಲ.

"ಹೊಲಿಗೆ ಬಿಚ್ಚೋವರೆಗೆ ಅವನು ಹೇಗೂ ಒಳಗೇ ಇರ್ಬೇಕು. ಅಲ್ಲೀವರೆಗೆ ನಾನಾಗಿ ಯಾರಿಗೂ ಹೇಳಲ್ಲ. ಆದ್ರೆ ಯಾರಾದ್ರೂ ಕೇಳಿದ್ರೆ ಸುಳ್ಳು ಹೇಳಲ್ಲ. ತಿಳ್ಕೊಂಡಿರಿ," ಎಂದಳು.

"ಪುಸ್ತಕ ಒಂದು ಬಂದುಬಿಡ್ಲಿ ಕಣೇ."

"ಆಮೇಲೆ? ಅವನು ನಿಜವಾಗ್ಲೂ ಸಾಯೋವರೆಗೆ ಹಿತ್ತಲಲ್ಲಿ ಕಟ್ಟಿ ಹಾಕೋಣವಾ?"

ದಿನಾ ಬೆಳಿಗ್ಗೆ ಸಾಹುಕಾರ ಮುಂಬಾಗಿಲ ಬಳಿ ಹೋಗಿ ನಿಂತು ತಿರುಗಿ ನೋಡುತ್ತಿದ್ದ. ಆ ನೋಟ ತಪ್ಪಿಸಿಕೊಳ್ಳಲು ಅಂಕಣಕಾರ ಸ್ನಾನದ ಮನೆಗೆ ಹೋಗುತ್ತಿದ್ದ. ರಸ್ತೆಯಲ್ಲಿ ಯಾರಾದರೂ, "ಏನ್ ಸಾರ್, ನೀವು ಒಬ್ಬರೇ?" ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಗುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಅವನು ಮೊದಲು ಸಾಹುಕಾರನನ್ನು ಮಲಗುವ ಕೋಣೆಗೆ ನೂಕಿ ಚಿಲಕ ಹಾಕಿ, ಆಮೇಲೆ ಬಾಗಿಲು ತೆಗೆದ. ಎದುರಿಗೆ ವಯಸ್ಸಾದ ಹೆಂಗಸೊಬ್ಬರು. ನರ್ಸ್ ಆಗಿದ್ದು ನಿವೃತ್ತಿಯಾದವರಂತೆ, ಹಿಂದಿನ ಬೀದಿಯಲ್ಲೇ ಮನೆಯಂತೆ. ಕುರ್ಚಿಯ ಅಂಚಿನಲ್ಲಿ ಕೂತು ಮಾತಾಡಿದರು.

"ನಮ್ಮವರು ಹಾಸಿಗೆ ಹಿಡಿದು ಬಹಳ ಕಾಲ ಆಯ್ತು ಸಾರ್. ಭಾನುವಾರ ಬಂದ್ರೆ ಸಾಕು, ಸಾಹುಕಾರ ಏನು ಮಾಡಿದ ಓದು ಅಂತಿದ್ರು. ಅವರಿಗೆ ವಾರದಲ್ಲಿ ಇದ್ದ ನಗು ಅದೊಂದೇ. ಅವನು ಹೋದ ಅಂತ ನಾನು ಓದಬಾರದಿತ್ತು. ಓದ್ತಾ ಓದ್ತಾ ನನಗೂ ಅಳು ಬಂದು, ನಿಲ್ಲಿಸೋಕೆ ಆಗ್ಲಿಲ್ಲ. ಅವತ್ತಿಂದ ಪೇಪರ್ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗ್ತಾರೆ. ಒಂದು ಫೋಟೊ ಇದ್ರೆ ಕೊಡ್ತೀರಾ? ಹಾಸಿಗೆ ಪಕ್ಕ ಇಡೋಣ ಅಂತ."

ಅಂಕಣಕಾರನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಆದರೂ ಅವನು ಹೇಳಿದ್ದೇನು? "ಹುಡುಕಿ ಕಳಿಸ್ತೀನಮ್ಮ" ಎಂದ. ಇಷ್ಟಾದರೂ ಅವನು ಹೇಳಿದ್ದು ಅದನ್ನೇ. ಅಷ್ಟರಲ್ಲಿ ಕೋಣೆಯ ಒಳಗಿಂದ ಬಾಗಿಲು ಕೆರೆಯುವ ಸದ್ದು ಬಂತು, ಆಮೇಲೆ ಒಂದು ಬೊಗಳು. ನರ್ಸಮ್ಮ ತಲೆಯೆತ್ತಿದರು. ಊಟಕ್ಕೆಂದು ಅಂಗಡಿಯಿಂದ ಬಂದು ಅಡುಗೆಮನೆಯ ಬಾಗಿಲ ಬಳಿ ನಿಂತಿದ್ದ ಹೆಂಡತಿ ಗಂಡನನ್ನು ನೋಡಿದಳು. ಅವನು ನೆಲ ನೋಡಿದ. ಅವಳು ಹೋಗಿ ಚಿಲಕ ತೆಗೆದಳು.

ಸಾಹುಕಾರ ಎದೆ ಮುಂದೆ ಮಾಡಿಕೊಂಡು ಬಂದ. ಹೊಸಬರ ಮುಂದೆ ನಿಂತ, ಅವರ ಮೊಣಕಾಲು ಮೂಸಿದ, ಒಪ್ಪಿಗೆಯಾಯಿತು ಎಂಬಂತೆ ಅಲ್ಲೇ ಕೂತ.

ನರ್ಸಮ್ಮ ಅವನ ಕ್ಷೌರ ಮಾಡಿದ ಹೊಟ್ಟೆ ನೋಡಿದರು, ಹೊಲಿಗೆ ನೋಡಿದರು. "ಇವನ ಹೆಸರೇನಮ್ಮ?" ಎಂದು ಹೆಂಡತಿಯನ್ನು ಕೇಳಿದರು.

"ಸಾಹುಕಾರ," ಎಂದಳು ಅವಳು.

ಅಂಕಣಕಾರ ಕಣ್ಣು ಮುಚ್ಚಿಕೊಂಡ. ಬೈಗುಳಕ್ಕೆ, ಶಾಪಕ್ಕೆ, ಬೇಕಾದರೆ ಏಟಿಗೂ ಸಿದ್ಧನಾಗಿ ಕೂತ. ಆದರೆ ಕೇಳಿಸಿದ್ದು ನಗು, ಅಳುವಿನ ಜೊತೆಯಲ್ಲೇ ಬಂದ ನಗು. ಕಣ್ಣು ತೆರೆದರೆ ಆ ಹೆಂಗಸು ನೆಲದ ಮೇಲೆ ಕೂತು ನಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಬದುಕಿದ್ದೀಯೇನೋ! ಅಯ್ಯೋ ನನ್ನಪ್ಪ, ಬದುಕಿದ್ದೀಯೇನೋ!" ಕೂತಲ್ಲೇ ಫೋನ್ ತೆಗೆದು ಮನೆಗೆ ಮಾಡಿದರು. "ರೀ, ಸಾಹುಕಾರ ಸತ್ತಿಲ್ಲ ಕಣ್ರೀ! ನನ್ನ ಮುಂದೇನೇ ಇದ್ದಾನೆ!" ಫೋನಿನೊಳಗಿಂದ ಕೆಮ್ಮೋ ನಗುವೋ ತಿಳಿಯದ ಒಂದು ಒಡಕು ಸದ್ದು ಬಂತು. ಹೇಗೆ ಬದುಕಿದ, ಹಾಗಾದರೆ ಬರೆದದ್ದೇನು, ಆ ಕಡೆಯವರೂ ಕೇಳಲಿಲ್ಲ, ಈ ಕಡೆಯವರೂ ಕೇಳಲಿಲ್ಲ. ಬದುಕಿದ್ದಾನಲ್ಲ, ಅವರಿಗೆ ಅಷ್ಟು ಸಾಕಾಗಿತ್ತು.

ಕಣ್ಣೊರೆಸಿಕೊಳ್ಳುತ್ತಾ ನರ್ಸಮ್ಮ ಅಂಕಣಕಾರನ ಕಡೆ ತಿರುಗಿದರು. "ನಮಗೇ ಇಷ್ಟು ಆಯ್ತು. ಬದುಕಿದ ಅಂತ ಕೇಳಿದಾಗ ನಿಮಗೆಷ್ಟು ಸಂತೋಷ ಆಗಿರ್ಬೇಕು ಅಲ್ವಾ ಸಾರ್?"

ಹೆಂಡತಿಯೂ ಅವನ ಮುಖ ನೋಡಿದಳು. ಇಷ್ಟೆಲ್ಲದರ ನಡುವೆಯೂ ಅವಳ ಮುಖದಲ್ಲಿ ಸಣ್ಣ ನಗುವಿತ್ತು, ಆ ಸಂಜೆಯ ಫೋನು ಅವಳಿಗೆ ನೆನಪಾಗಿರಬೇಕು. "ಹೌದಮ್ಮ" ಎಂದರೆ ಮುಗಿದುಹೋಗುತ್ತಿತ್ತು. ಎರಡು ಮಾತು ಸೇರಿಸಿ ಅದನ್ನೇ ಒಂದು ಒಳ್ಳೆಯ ಅಂಕಣವನ್ನಾಗಿಯೂ ಮಾಡಬಹುದಿತ್ತು. ಅವನಿಗೆ ಬಾಯಿ ಬರಲಿಲ್ಲ.

"ಇಲ್ಲಮ್ಮ," ಎಂದ. "ಆಗ್ಲಿಲ್ಲ." ಆಮೇಲೆ ಹೆಂಡತಿಗೆ ಹೇಳಿದ, "ಪುಟ ಹೋಗಿರಲಿಲ್ಲ ಕಣೇ. ಇನ್ನೂ ಹೊತ್ತಿತ್ತು. ನಾನೇ ಹೇಳಲಿಲ್ಲ."

ಯಾವ ಪುಟ, ಏನು ಕಥೆ, ನರ್ಸಮ್ಮನಿಗೆ ಅರ್ಥವಾಗಲಿಲ್ಲ. ಹೆಂಡತಿಗೆ ಅರ್ಥವಾಯಿತು. ಅವಳ ಮುಖದ ನಗು ಹೋಯಿತು. ಬಾಗಿಲ ಹಿಂದಿನ ಮೊಳೆಯಿಂದ ಬೆಲ್ಟು ತೆಗೆದು ಸಾಹುಕಾರನ ಕೊರಳಿಗೆ ಹಾಕಿದಳು.

"ಬನ್ನಿ, ನಿಮ್ಮವರಿಗೆ ತೋರಿಸೋಣ. ಹಿಂದಿನ ಬೀದಿ ಅಂದ್ರಲ್ಲ, ನಿಧಾನಕ್ಕೆ ನಡೆದ್ರೆ ಅವನಿಗೇನೂ ಆಗಲ್ಲ," ಎಂದು ನರ್ಸಮ್ಮನನ್ನು ಎಬ್ಬಿಸಿದಳು.

ಅಂಕಣಕಾರನೂ ಎದ್ದು ನಿಂತ. "ನಾನೂ ಬರ್ತೀನಿ."

"ನೀವಿರಿ," ಎಂದಳು ಹೆಂಡತಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಇವತ್ತು ಬುಧವಾರ ಅಲ್ವಾ?"

ಮುಂಬಾಗಿಲು ತೆರೆದುಕೊಂಡಿತು. ಮಧ್ಯಾಹ್ನದ ಬೆಳಕಿನಲ್ಲಿ ಮೂವರೂ ಮೆಟ್ಟಿಲಿಳಿದು ರಸ್ತೆಗೆ ಹೋದರು. ಅಂಕಣಕಾರ ಎದ್ದಲ್ಲೇ ನಿಂತು ಕಿವಿಗೊಟ್ಟ. ಮೊದಲು ಎದುರುಮನೆಯ ಟೈಲರನ ಹೊಲಿಗೆ ಯಂತ್ರ ನಿಂತಿತು, "ಅರೆ! ಸಾಹುಕಾರ!" ಎಂಬ ಕೂಗು ಕೇಳಿತು. ಮೇಲಿನ ಮಹಡಿಯಿಂದ ಯಾರೋ ಯಾರನ್ನೋ ಕರೆದರು. ಔಷಧಿ ಅಂಗಡಿಯವನು ಚಪ್ಪಾಳೆ ಹೊಡೆದ. ಮಕ್ಕಳು ಓಡಿಬಂದ ಸದ್ದಾಯಿತು. ಸಂತೋಷ ಮನೆಯಿಂದ ಮನೆಗೆ ದಾಟಿಕೊಂಡು ದೂರ ದೂರ ಹೋಯಿತು. ಒಬ್ಬರಾದರೂ ತನ್ನನ್ನು ಬೈಯಲಿ ಎಂದು ಅವನು ಕಾದ. ಯಾರೂ ಬೈಯಲಿಲ್ಲ.