ಕೂತಿರುವ ಪೆಲಗೇಯಾ

ನಮ್ಮ ಚಿತ್ರಗಳಲ್ಲಿ ಕಾರ್ಮಿಕರು ಕೂರುವಂತಿರಲಿಲ್ಲ. ಸರ್ಕಾರ ವಿಧಿಸಿದ ಸಮಾಜವಾದಿ ವಾಸ್ತವವಾದದ ಶೈಲಿಯೆಂದರೆ ಎದ್ದು ನಿಲ್ಲಬೇಕು, ನಗಬೇಕು, ಕಣ್ಣು ನಾಳೆಯ ಕಡೆಗಿರಬೇಕು. ಚಿತ್ರಗಾರ್ತಿ ಕಾಪಾ ಎಂಬ ನಾನೂ ಅಂಥವರನ್ನು ಸಾಲುಸಾಲಾಗಿ ಬರೆದವಳೇ. ಆದರೆ ಇಟ್ಟಿಗೆ ಕಾರ್ಖಾನೆಯ ಪೆಲಗೇಯಾ ಮೊದಲ ದಿನವೇ ಬೂಟು ಕಳಚಿ ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟಳು.

"ಸ್ವಲ್ಪ ಎದ್ದು ನಿಲ್ಲಮ್ಮಾ" ಅಂದೆ.

"ಯುದ್ಧ ಮುಗಿಯೋವರ್ಗೂ ನಿಂತೇ ಇದ್ದೆ ಕಾಪಾ. ಗಂಡ ಸತ್ತ ಸುದ್ದಿ ಬಂದಾಗ್ಲೂ ಇಟ್ಟಿಗೆ ಸುಡೋ ಗೂಡಿನ ಮುಂದೆ ನಿಂತಿದ್ದೆ. ಬರೆಯೋದಾದ್ರೆ ಹಿಂಗೇ ಬರಿ, ಇಲ್ಲಾಂದ್ರೆ ನಿನ್ ಬಣ್ಣ ಎತ್ಕೊಂಡು ನಡಿ!"

ಬರೆದೆ. ಊದಿದ ಪಾದವನ್ನು ಅಂಗೈಯಲ್ಲಿ ಹಿಡಿದು ಕೂತ ಆ ಹೆಂಗಸಿನಷ್ಟು ನಿಜವಾದದ್ದನ್ನು ನಾನು ಅದುವರೆಗೆ ಬರೆದಿರಲಿಲ್ಲ. ಕಲಾ ಮಂಡಳಿ ಒಪ್ಪದಿದ್ದರೆ ಅವಳ ಮೇಲೆ ಬಿಳಿ ಬಣ್ಣ ಬಳಿಯಬೇಕು. ಕೊನೆಗೆ ನಮ್ಮ ಕಲಾವಿದರ ಹಳೇ ಕಿತಾಪತಿಯನ್ನೇ ಮಾಡಿದೆ. ಮಂಡಳಿಯವರು ಅದರ ಮೇಲೇ ಕಚ್ಚಾಡಿ ಉಳಿದದ್ದನ್ನು ಬಿಡಲೆಂದೇ ಚಿತ್ರದ ಮುಂಭಾಗದಲ್ಲಿ ಒಂದು ದಪ್ಪ ಬಿಳಿ ಹೆಬ್ಬಾತು ಬರೆದಿಟ್ಟೆ.

ಅಧ್ಯಕ್ಷ ಅವೆರ್ಯಾನೊವ್ ಕನ್ನಡಕ ಏರಿಸಿದ. "ಏನ್ರೀ ಇದು? ಇಟ್ಟಿಗೆ ಗೂಡಿನ ಮುಂದೆ ಹೆಬ್ಬಾತಾ?"

"ಅದು ನಾಳಿನ ಸಮೃದ್ಧಿ, ಕಾಮ್ರೇಡ್! ನಿಮ್ಮ ದಮ್ಮಯ್ಯ, ಅದನ್ನ ಮಾತ್ರ ಮುಟ್ಬೇಡಿ!"

ಒಬ್ಬ ಹೌದೆಂದ. ಇನ್ನೊಬ್ಬ, ಇದು ಲಾಭಕೋರ ಅಂಗಡಿಕಾರರ ಬುದ್ಧಿ ಎಂದ. ಎಲ್ಲರ ಚಹಾ ತಣ್ಣಗಾಯಿತು. ಹೆಬ್ಬಾತಿಗಾಗಿ ನಾನು ಸುಳ್ಳೇ ಅತ್ತಷ್ಟೂ ಅದನ್ನು ಅಳಿಸುವ ಅವರ ಹುಮ್ಮಸ್ಸು ಹೆಚ್ಚಿತು.

"ಹೆಬ್ಬಾತು ಅಳಿಸಿ, ಉಳಿದದ್ದು ಮಂಜೂರು" ಎಂದು ಮೊಹರು ಎತ್ತಿದ ಅವೆರ್ಯಾನೊವ್, ಅಷ್ಟಕ್ಕೇ ನಿಲ್ಲಿಸಿದ. "ಅಲ್ಲಾ, ಈ ಹೆಂಗಸು ಯಾಕೆ ಕೂತಿದಾಳೆ?"

ಬಾಯಿಗೆ ಬಂದದ್ದನ್ನು ಹೇಳಿದೆ. "ಗುರಿ ಮೀರಿ ಕೆಲಸ ಮುಗಿಸಿದಾಳೆ, ಕಾಮ್ರೇಡ್. ಇನ್ನೂ ನಿಲ್ಲಿಸಿದ್ರೆ ನಮ್ಮೂರು ಗುರಿ ಮುಟ್ಟಿಲ್ಲ ಅಂತ ಜನ ತಿಳ್ಕೊಳಲ್ವಾ?"

ಅವೆರ್ಯಾನೊವ್ ಅತ್ತಿತ್ತ ನೋಡಿದ. ಗುರಿ ಮುಟ್ಟಿಲ್ಲ ಎನ್ನುವ ಧೈರ್ಯ ಆ ಕೋಣೆಯಲ್ಲಿ ಯಾರಿಗಿತ್ತು? ಮೊಹರು ಬಿತ್ತು. ಬಾಗಿಲಾಚೆ ಬಂದು ಹುಚ್ಚಿಯಂತೆ ನಕ್ಕೆ.

ಪ್ರದರ್ಶನದ ಭಾನುವಾರ ಕಾರ್ಖಾನೆಯ ಹೆಂಗಸರು ತಲೆವಸ್ತ್ರ ಬಿಗಿದು ಲಾರಿಯಲ್ಲಿ ಬಂದಿಳಿದರು. ದಾರಿಯುದ್ದಕ್ಕೂ ಹರಟಿದವರು ಚಿತ್ರದ ಮುಂದೆ ಒತ್ತೊತ್ತಾಗಿ ನಿಂತರು. ಒಬ್ಬಾಕೆ ಕಣ್ಣೊರೆಸಿಕೊಂಡು, "ಇದು ನೀನಲ್ಲ ಕಣೇ, ನಾವೆಲ್ಲಾ" ಎಂದಳು. ಪೆಲಗೇಯಾ ಹೊಳೆಯುವ ಮರದ ನೆಲದ ಮೇಲೆ ಹಾಗೇ ಕೂತು ಬೂಟು ಕಳಚಿದಳು. ಪಕ್ಕದವಳೂ ಕೂತಳು. ನೋಡನೋಡುತ್ತ ಎಲ್ಲರೂ ಕೂತರು.

ಕಾವಲುಗಾರ ಓಡಿ ಬಂದ. "ಏಳ್ರಮ್ಮಾ, ಏಳಿ! ಇದೇನು ಸಂತೇನಾ? ಇಲ್ಲಿ ಕೂರೋ ಹಾಗಿಲ್ಲ!"

ಪೆಲಗೇಯಾ ಗೋಡೆಯ ಚಿತ್ರದತ್ತ ಬೆರಳು ತೋರಿಸಿದಳು.

"ಅಲ್ನೋಡಪ್ಪಾ, ಮಂಜೂರಾಗಿದೆ."