ಲೆಕ್ಕ ಸರಿಯಿತ್ತು

ಟೋಪಿಯಡಿಯಿಂದ ತಲೆಯೆತ್ತಿ ನೋಡಿದ ಮುಖ ಮಿಚಿರುಳದಲ್ಲ, ಅಯ್ಯೋ, ಇದು ಯಾರ ಮಗು, ಟೋಪಿ ಅದೇ ಹಳದಿ, ಮುಖ ಮಾತ್ರ ಬೇರೆ — ಚಿಗುಸಾ ಈಗಷ್ಟೇ ತನ್ನ ಶಿಶುವಿಹಾರದ ಮಕ್ಕಳ ಟೋಪಿ ಎಣಿಸಿದ್ದಳು, ಲೆಕ್ಕ ಸರಿಯಿತ್ತು, ಹೊರಡೋಣವಾ ಎಂದೂ ಕೇಳಿದ್ದಳು, ಆಗ ಹಿರಿಯ ಶಿಕ್ಷಕಿ ಕುರಾಮೋಚಿ, ಟೋಪಿ ಎಣಿಸಿದ್ದು ಸಾಕಮ್ಮ, ಒಂದೊಂದೇ ತಲೆ ಮುಟ್ಟಿ ಹೆಸರು ಕರಿ, ಅಂದರು, ಈಯಮ್ಮನದು ಯಾವಾಗಲೂ ಅತಿ ಎಂದು ಗೊಣಗಿಕೊಂಡೇ ಅಲ್ಲವೇ ಮುಟ್ಟಲು ಹೊರಟದ್ದು, ನಿನ್ನೆಯೂ ಅಷ್ಟೆ, ದಾರಿ ನೋಡಿಕೊಂಡು ಹೋಗಲು ಬಂದಾಗ ಆ ವಯಸ್ಸಿನ ಹೆಂಗಸು ಈ ಉದ್ಯಾನದ ತುಂಬ ಕುಕ್ಕರುಗಾಲಿನಲ್ಲೇ ನಡೆದಿದ್ದರು, ಮಕ್ಕಳಿಗೆ ಕಾಣೋದು ನಮ್ಮೆತ್ತರಕ್ಕೆ ಕಾಣಲ್ಲ ನೋಡು, ಬೆಂಚಿನ ಕೆಳಗಿನ ಕಣಜದ ಗೂಡು, ಬೇಲಿಯ ಮುರಿದ ತಂತಿ, ಹೊರಳಾಡಲು ಮೆತ್ತಗಿರುವ ಗಿಂಕೊ ಮರದ ಉದುರಿದ ಎಲೆಯ ರಾಶಿ, ಎಲ್ಲ ಕಂಡಿತ್ತು ಅವರಿಗೆ, ನಾಯಿ ತಿರುಗಿಸಲು ಬಂದವರು ನಕ್ಕಾಗ ಚಿಗುಸಾಗೆ ನಾಚಿಕೆಯಾಗಿತ್ತು, ಥೂ, ಎಂಥ ಗಟ್ಟಿಗಿತ್ತಿಯ ಪಕ್ಕದಲ್ಲಿ ನಿಂತು ನಾಚಿಕೊಂಡೆನಪ್ಪಾ — ಈಗಷ್ಟೇ ಇಲ್ಲಿದ್ದ ಇನ್ನೊಂದು ಶಿಶುವಿಹಾರ, ಅವರ ಟೋಪಿಯೂ ಹಳದಿಯೇ, ಎರಡೂ ಕಡೆಯ ಮಕ್ಕಳು ಎಲೆಯಲ್ಲಿ ಒಟ್ಟಿಗೆ ಹೊರಳಿದ್ದವು, ಅವರಾಗಲೇ ಹೊರಟಾಯಿತು, ರೈಲ್ವೆ ಗೇಟಿನ ಕಡೆಗೆ, ರೈಲು ಎಂದರೆ ಜೀವ ಬಿಡುವ ಮಿಚಿರು, ಕೈ ಬಿಡಿಸಿಕೊಂಡು ಓಡಿದರೆ — ಬೇಡ, ಅದು ಬೇಡ.

ಕುರಾಮೋಚಿಯವರ ಮುಖ ಬಿಳಿಚಿತ್ತು, ಆದರೂ ಕೂಗಲಿಲ್ಲ, ಪರರ ಮಗುವನ್ನೆತ್ತಿ ಚಿಗುಸಾಳ ತೋಳಿಗಿಟ್ಟರು, ಇವನಿಗೂ ಒಬ್ಬ ಅಮ್ಮ ಇದಾಳೆ, ಆ ಟೀಚರ್‌ಗಳು ಗೇಟಿನ ಹತ್ರ ನಿಂತಿರ್ತಾರೆ, ಓಡು, ಇವರನ್ನ ನಾನು ನೋಡ್ಕೋತೀನಿ, ಹಿಂದೆ ಆಗಲೇ ಅವರ ಹಾಡು ಶುರುವಾಗಿದೆ, ಮಕ್ಕಳಿಗೆ ಏನೂ ಗೊತ್ತಾಗಿಲ್ಲ, ಆ ದನಿ ಒಂದಿಷ್ಟಾದರೂ ನಡುಗಬಾರದೇ, ಚಿಗುಸಾ ಓಡುತ್ತಾಳೆ, ತೋಳಿನಲ್ಲಿ ಹುಡುಗ ಕಿಲಕಿಲ ನಗುತ್ತಾನೆ, ಗೇಟಿನ ಗಂಟೆ ಬಡಿಯುತ್ತಿದೆ, ಅಡ್ಡಕಂಬ ಇಳಿಯಿತು, ಅಗೋ ಹಳದಿ ಸಾಲು, ಮಕ್ಕಳನ್ನು ಸಾಲಾಗಿ ನಡೆಸುವ ಹಗ್ಗದ ಬಳೆಗಳನ್ನು ಒಂದೊಂದಾಗಿ ಹಿಡಿದು ನಿಂತಿದೆ, ಕೊನೆಯ ಬಳೆಯಲ್ಲಿ — ಮಿಚಿರು, ಇದ್ದಾಳೆ, ಮೂಗು ಸುರಿಸಿಕೊಂಡು ಬಿಕ್ಕುತ್ತಿದ್ದಾಳೆ, ಕಣ್ಣೆದುರೇ ರೈಲು ಹೋಗುತ್ತಿದೆ, ಆದರೂ ಅವಳು ಬೆನ್ನಟ್ಟಲಿಲ್ಲ, ಆ ಶಿಶುವಿಹಾರದ ಶಿಕ್ಷಕಿ ಸೊಂಟ ಬಗ್ಗಿಸಿ ಬಗ್ಗಿಸಿ ಕ್ಷಮೆ ಕೇಳುತ್ತಿದ್ದಾಳೆ, ನಾವೂ ಎಣಿಸಿದ್ವಿ, ಸರಿಯಿತ್ತಲ್ಲಾ, ಹುಡುಗನನ್ನು ಅವರ ಕೈಗೊಪ್ಪಿಸಿ ಚಿಗುಸಾಳೂ ಬಗ್ಗುತ್ತಾಳೆ, ಬಾ ಪುಟ್ಟಿ, ಬಿಡು, ಇದು ನಮ್ಮ ಹಗ್ಗ ಅಲ್ಲ.

ಬಿಡಲ್ಲ. ಕುರಾಮೋಚಿ ಟೀಚರ್ ಹೇಳಿದಾರೆ, ಭಯ ಆದ್ರೆ ಇನ್ನೂ ಗಟ್ಟಿಯಾಗಿ ಹಿಡ್ಕೋ ಅಂತ.

ಹೇಳಿದ್ದರು, ಹೌದು, ದಿನಾ ಹೇಳುತ್ತಿದ್ದರು, ರೈಲು ಹೋಯಿತು, ಕಂಬ ಎದ್ದಿತು, ಚಿಗುಸಾ ಮಂಡಿಯೂರಿದ್ದಾಳೆ, ಬೆರಳು ಬಿಡಿಸಬೇಕು, ಬಿಡಿಸಲು ಮನಸ್ಸೇ ಬರುತ್ತಿಲ್ಲ, ಆ ಮುಷ್ಟಿ, ರಕ್ತವಿಲ್ಲದೆ ಬೆಳ್ಳಗಾದ ಪುಟ್ಟ ಮುಷ್ಟಿ, ಯಾರದೋ ಹಗ್ಗದ ಮೇಲೆ, ಆ ಮುಷ್ಟಿ —